ಸ್ಟೀಲ್ ಲೋಟ ಪಳಗಿಸಿದ ಕಥೆ

ಆಷಾಢದಲ್ಲಿ ಮದುವೆ ಫೋಟೋ ಆರ್ಡರ್ ಇರಲ್ಲ. ಆ ಖಾಲಿ ದಿನಗಳಲ್ಲಿ ಲೋಟ, ಡಬರಿ, ಸೌಟು ಇಟ್ಕೊಂಡು ಅಮೂರ್ತ ಚಿತ್ರ ತೆಗೀತೀನಿ ಅಂದಾಗ ದಾವಣಗೆರೆಯ ಸ್ಟುಡಿಯೋ ಗೆಳೆಯರು, "ಏನಣ್ಣಾ, ಪಾತ್ರೆ ಅಂಗಡಿ ಕ್ಯಾಟಲಾಗಾ?" ಅಂತ ನಕ್ಕಿದ್ರು. ಈಗ ಅದೇ ಲೋಟದ ಐದಾರು ಪ್ರಿಂಟು ವಿದ್ಯಾನಗರದ ಒಂದು ಹಲ್ಲಿನ ಕ್ಲಿನಿಕ್ಕಿನ ಗೋಡೆ ಮೇಲಿವೆ. ಅದಕ್ಕೇ ಬರೀತಿದ್ದೀನಿ.

ಸ್ಟೀಲು ಸುಲಭಕ್ಕೆ ಬಗ್ಗಲ್ಲ. ಲೋಟದ ಹೊಟ್ಟೆಯಲ್ಲಿ ನಾನು, ಟ್ರೈಪಾಡು, ಕಿಟಕಿ ಸರಳು, ಹಿಂದೆ ಒಣಹಾಕಿದ ಲುಂಗಿ ಎಲ್ಲಾ ಹಾಜರು. ಲೆನ್ಸಿಗೆ ಪೋಲರೈಸರ್ ಅನ್ನೋ ಹೊಳಪು ತಗ್ಗಿಸೋ ಫಿಲ್ಟರ್ ಹಾಕಿ, ಈ ಪ್ರತಿಬಿಂಬ ಹೋಗುತ್ತೆ ಅಂದ್ರು ಗೆಳೆಯರು. ಮೂರು ಸಾವಿರದ ಹತ್ರ ಕೊಟ್ಟು ತರಿಸಿದೆ. ನೀರಿನ ಹೊಳಪು, ಗಾಜಿನ ಹೊಳಪು ತಗ್ಗಿತು. ಬರೀ ಲೋಹದ ಮುಂದೆ ಅದರ ಆಟ ನಡೀಲಿಲ್ಲ. ಬೆಳಕನ್ನ ಮೆದು ಮಾಡೋ ಸಾಫ್ಟ್‌ಬಾಕ್ಸ್ ಬಾಡಿಗೆಗೆ ತಂದ್ರೆ ಅದೂ ಲೋಟದೊಳಗೆ ಚೌಕಾಕಾರವಾಗಿ ಕೂತಿತು. ಪೌಡರ್ ಉದುರಿಸಿದ್ರೆ ಸ್ಟೀಲಿನ ಕಳೆಯೇ ಹೋಯ್ತು.

ಸ್ಟೀಲಿಗೆ ಸ್ವಂತ ಬಣ್ಣ ಇಲ್ಲ, ಎದುರಿಗಿದ್ದದ್ದೇ ಅದರ ಬಣ್ಣ. ಲೋಟಕ್ಕೆ ಲೈಟು ಬಿಡೋದನ್ನೇ ನಿಲ್ಲಿಸಿದೆ. ಬಿಳಿ ಪಂಚೆಯನ್ನ ಗುಡಾರದಂತೆ ಕಟ್ಟಿ, ಲೆನ್ಸ್ ತೂರುವಷ್ಟು ಕಿಂಡಿ ಬಿಟ್ಟು, ಹೊರಗಿನಿಂದ ಪಂಚೆಗೆ ಲೈಟು ಕೊಟ್ಟೆ. ಒಳಗೆ ಚೌಕಿಪೇಟೆಯಿಂದ ತಂದ ರವಿಕೆ ಕಣ: ಅರಿಶಿನ, ಕಡುನೀಲಿ, ಕರಿ. ಬಾಯಂಚಿನ ಸುರುಳಿಯಲ್ಲಿ ನೀಲಿ ಕೂದಲೆಳೆಯಷ್ಟು ಸಣ್ಣಗೆ ಹೊರಟು, ಹೊಟ್ಟೆಗೆ ಬರೋ ಹೊತ್ತಿಗೆ ಅಂಗೈಯಗಲ ಹರಡಿದಂಗೆ ಕಾಣುತ್ತೆ. ಕರಿ ಬಟ್ಟೆ ಇಲ್ದಿದ್ರೆ ಲೋಟದ ಅಂಚೇ ಕಾಣಲ್ಲ. ಕ್ಯಾಮೆರಾಗೆ 50 ಎಂಎಂ ಲೆನ್ಸು, ಹತ್ತಿರದಿಂದ ತೆಗೆಯೋಕೆ ಅದರ ಹಿಂದೆ ಎಕ್ಸ್‌ಟೆನ್ಷನ್ ಟ್ಯೂಬು ಅನ್ನೋ ಖಾಲಿ ಕೊಳವೆ; ಸೆಟ್ಟಿಂಗು ಎಫ್/11, ಐಎಸ್‌ಒ 100, ಶಟರು ಅರ್ಧ ಸೆಕೆಂಡಿನ ಆಸುಪಾಸು. ಲೆನ್ಸಿನ ಕಪ್ಪು ಚುಕ್ಕೆ ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತೆ. ಅದನ್ನ ಎಲ್ಲಿ ಅಡಗಿಸ್ತೀನಿ ಅನ್ನೋದು ನನ್ನ ಹತ್ರವೇ ಇರ್ಲಿ.

1930ರಲ್ಲಿ ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ ದೊಣ್ಣೆ ಮೆಣಸಿನಕಾಯಿಯನ್ನ ತಗಡಿನ ಲಾಳಿಕೆಯೊಳಗೆ ಇಟ್ಟು ತೆಗೆದ್ರಲ್ಲ, ಅಲ್ಲೂ ಸುತ್ತಲಿನ ತಗಡಿಂದ ತಿರುಗಿ ಬಂದ ಬೆಳಕಿನದೇ ಕೆಲಸ.

ನಡುವೆ ಮಂಡಕ್ಕಿ ಹುಚ್ಚೂ ಹಿಡೀತು. ಎಷ್ಟು ಹತ್ತಿರ ಹೋದ್ರೂ, ಯಾವ ಕಡೆಯಿಂದ ಲೈಟು ಕೊಟ್ರೂ ನಮ್ಮೂರಿನವರ ಕಣ್ಣಿಗೆ ಅದು ಮಂಡಕ್ಕಿಯೇ. ಖಾರ ಹಾಕಿ ತಿಂದು ಮುಗಿಸಿದೆ.

ಮೂಲೆ ಸೇರಿದ್ದ ಪೋಲರೈಸರ್‌ಗೆ ಮಗಳ ಐಸ್‌ಕ್ರೀಂ ಚಮಚದಿಂದ ಜೀವ ಬಂತು. ಎಲ್‌ಸಿಡಿ ಲ್ಯಾಪ್‌ಟಾಪ್ ಸ್ಕ್ರೀನ್ ಪೂರ್ತಿ ಬಿಳಿ ಮಾಡಿ, ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಚಮಚ ಹಿಡಿದು ಫಿಲ್ಟರ್ ತಿರುಗಿಸಿ. ಹಿನ್ನೆಲೆ ಕಪ್ಪಾಗ್ತಿದ್ದಂಗೆ ಚಮಚದ ಕತ್ತಿನಲ್ಲಿ ಕಾಮನಬಿಲ್ಲು ಏಳುತ್ತೆ. ಅಚ್ಚಿಗೆ ಹೊಯ್ದಾಗ ಪ್ಲಾಸ್ಟಿಕ್ಕಿನೊಳಗೆ ಉಳಿದ ಬಿಗಿತ ಹಾಗೆ ಬಣ್ಣ ಕಟ್ಟುತ್ತೆ.

ಎಲ್ಲಾ ಸೇರಿ ಏಳೆಂಟು ಸಾವಿರ ಹೋಗಿರಬೇಕು. ಕ್ಲಿನಿಕ್ಕಿಂದ ಹನ್ನೆರಡು ಸಾವಿರ ಚಿಲ್ಲರೆ ಬಂತು. ಅದರಲ್ಲೂ ಮೊದಲ ಸಲದ ಗ್ಲಾಸಿ ಪ್ರಿಂಟಿನಲ್ಲಿ ಅವರ ಟ್ಯೂಬ್‌ಲೈಟೇ ಕಾಣ್ತಿತ್ತು, ಡಾಕ್ಟ್ರು ವಾಪಸ್ ಕಳಿಸಿದ್ರು. ಕೈಯಿಂದ ದುಡ್ಡು ಹಾಕ್ಕೊಂಡು ಹೊಳಪಿಲ್ಲದ ಮ್ಯಾಟ್‌ನಲ್ಲಿ ಮತ್ತೆ ಹಾಕಿಸಿದೆ. ಈಗ ಒಬ್ಬ ಬೆಣ್ಣೆದೋಸೆ ಹೋಟೆಲಿನವರು ನಮ್ಮ ಕಾವಲಿನೂ ಹಂಗೇ ತೆಗೆದುಕೊಡಿ ಅಂದಿದ್ದಾರೆ. ಅಡ್ವಾನ್ಸ್ ಇನ್ನೂ ಬಂದಿಲ್ಲ.