ಡೆಸ್ಕ್‌ಟಾಪ್‌ಗೆ ವೈಫೈ ಕಾರ್ಡ್: ಸ್ಲಾಟ್ ನೋಡುವುದರಿಂದ ಸಿಗ್ನಲ್ ಹಿಡಿಯುವವರೆಗೆ

ಮನೆಗೆ ಫೈಬರ್ ಸಂಪರ್ಕ ಬಂದಿದೆ. ರೂಟರ್ ಹಾಲ್‌ನ ಗೋಡೆಯಲ್ಲಿದೆ, ಡೆಸ್ಕ್‌ಟಾಪ್ ಒಳಕೋಣೆಯಲ್ಲಿದೆ. ಗೋಡೆ ಕೊರೆದು ಲ್ಯಾನ್ ಕೇಬಲ್ ಎಳೆಸಲು ಮನಸ್ಸಿಲ್ಲದವರಿಗೆ ಉಳಿಯುವುದು ಎರಡು ದಾರಿ: ಯುಎಸ್‌ಬಿ ಡಾಂಗಲ್ ಅಥವಾ ಮದರ್‌ಬೋರ್ಡ್ ಮೇಲೆ ಕೂರುವ ವೈಫೈ ಕಾರ್ಡ್. ಮೇಲ್ ನೋಡಲು, ಅರ್ಜಿ ತುಂಬಲು ಡಾಂಗಲ್ ಸಾಕು. ದಿನವಿಡೀ ಆನ್‌ಲೈನ್ ತರಗತಿ, ವಿಡಿಯೊ ಸಭೆ, ದೊಡ್ಡ ಫೈಲ್‌ಗಳ ಕೆಲಸ ಇದ್ದರೆ ಕಾರ್ಡ್ ಹಾಕಿಸುವುದೇ ಸರಿ. ಉಗುರಿನಷ್ಟು ಚಿಕ್ಕ ಡಾಂಗಲ್‌ನೊಳಗಿನ ಆಂಟೆನಾಕ್ಕೂ ಕಾರ್ಡ್‌ನ ಎರಡು ಉದ್ದನೆಯ ಆಂಟೆನಾಗಳಿಗೂ ಹೋಲಿಕೆಯೇ ಇಲ್ಲ.

ಕಾರ್ಡ್ ಕೂರಿಸುವುದು ಹತ್ತು ನಿಮಿಷದ ಕೆಲಸ, ನಕ್ಷತ್ರ ಮೂತಿಯ ಒಂದು ಸ್ಕ್ರೂಡ್ರೈವರ್ ಸಾಕು. ಜನ ಎಡವುವುದು ಅದಕ್ಕೆ ಮುಂಚೆ ಮತ್ತು ಅದಾದ ಮೇಲೆ. ಹಾಗಾಗಿ ಆ ಭಾಗಗಳನ್ನೇ ಇಲ್ಲಿ ಹೆಚ್ಚು ವಿವರವಾಗಿ ಹೇಳಿದ್ದೇವೆ.

ಮೊದಲು ಸ್ಲಾಟ್, ಆಮೇಲೆ ಅಂಗಡಿ

ಕಂಪ್ಯೂಟರ್ ಆಫ್ ಮಾಡಿ, ವಿದ್ಯುತ್ ವೈರ್ ಕಿತ್ತು, ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆಯಿರಿ. ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದನೆಯ ಸ್ಲಾಟ್‌ನ ಆಸುಪಾಸಿನಲ್ಲಿ ಎರಡೂವರೆ ಸೆಂಟಿಮೀಟರ್ ಉದ್ದದ ಪುಟ್ಟ ಸ್ಲಾಟ್ ಕಾಣುತ್ತದೆ. ಇದು ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1. ವೈಫೈ ಕಾರ್ಡ್‌ಗೆ ಬೇಕಾದದ್ದು ಇದೇ. ಇದು ಖಾಲಿ ಇಲ್ಲದಿದ್ದರೂ ಚಿಂತೆ ಬೇಡ, ಅದೇ ಕಾರ್ಡ್ ಉದ್ದನೆಯ ಎಕ್ಸ್16 ಸ್ಲಾಟ್‌ನಲ್ಲೂ ಕೆಲಸ ಮಾಡುತ್ತದೆ. ತೀರಾ ಹಳೆಯ ಬೋರ್ಡ್‌ಗಳಲ್ಲಿ ಬಿಳಿ ಬಣ್ಣದ ಹಳೆಯ ಪಿಸಿಐ ಸ್ಲಾಟ್‌ಗಳು ಮಾತ್ರ ಇರುವುದುಂಟು. ಈಗಿನ ಕಾರ್ಡ್ ಅದರಲ್ಲಿ ಕೂರುವುದಿಲ್ಲ. ಅಂಥವರು ಡಾಂಗಲ್‌ನಲ್ಲೇ ತೃಪ್ತಿಪಡಬೇಕು.

ಕ್ಯಾಬಿನೆಟ್ ತೆಳ್ಳಗಿನದಾಗಿದ್ದರೆ ಕಾರ್ಡ್‌ನ ಲೋಹದ ಪಟ್ಟಿಯನ್ನೂ ನೋಡಿಕೊಳ್ಳಿ. ಸಾಮಾನ್ಯ ಪಟ್ಟಿ ಸುಮಾರು 12 ಸೆಂಟಿಮೀಟರ್ ಎತ್ತರ. ಕಚೇರಿಗಳಲ್ಲಿ ಬಳಸಿ ಮಾರಿದ ಸ್ಲಿಮ್ ಡೆಸ್ಕ್‌ಟಾಪ್‌ಗಳಿಗೆ ಸುಮಾರು 8 ಸೆಂಟಿಮೀಟರ್‌ನ ಗಿಡ್ಡ ಪಟ್ಟಿ ಬೇಕು. ಒಳ್ಳೆಯ ಕಾರ್ಡ್‌ಗಳ ಡಬ್ಬಿಯಲ್ಲಿ ಎರಡೂ ಇರುತ್ತವೆ. ಕೊಳ್ಳುವ ಮುಂಚೆ ಕೇಳಿಯೇ ಕೊಳ್ಳಿ.

ಇನ್ನು ಚಿಪ್. ಅಂಗಡಿಯಲ್ಲಿ ಸಿಗುವ ಬಹುತೇಕ ಪಿಸಿಐ ಎಕ್ಸ್‌ಪ್ರೆಸ್ ವೈಫೈ ಕಾರ್ಡ್‌ಗಳ ಮೇಲೆ ಕೂತಿರುವುದು ಲ್ಯಾಪ್‌ಟಾಪ್‌ಗೆಂದೇ ಮಾಡಿದ, 22 ಮಿ.ಮೀ. ಅಗಲ, 30 ಮಿ.ಮೀ. ಉದ್ದದ ಎಂ.2 ಮಾಡ್ಯೂಲ್. ಇಂಟೆಲ್ ಎಎಕ್ಸ್200 ವೈಫೈ 6 ಎಂಬ ತಲೆಮಾರಿಗೆ, ಎಎಕ್ಸ್210 ಅದಕ್ಕೆ 6 ಗಿಗಾಹರ್ಟ್ಸ್ ಬ್ಯಾಂಡ್ ಸೇರಿಸಿದ ವೈಫೈ 6ಇಗೆ. ಎರಡೂ ಇಂಟೆಲ್, ಎಎಂಡಿ ಎರಡೂ ಬಗೆಯ ಬೋರ್ಡ್‌ಗಳಲ್ಲಿ ನಡೆಯುತ್ತವೆ. ಮಾಡ್ಯೂಲ್ ಮಾತ್ರ ಬಿಡಿಯಾಗಿ ಕೊಳ್ಳುವವರು ಎಎಕ್ಸ್201, ಎಎಕ್ಸ್211 ಎಂಬ ಹೆಸರು ಕಂಡರೆ ಕೈ ಹಿಂದೆಗೆಯಿರಿ. ಅವು ಇಂಟೆಲ್‌ನ ನಿರ್ದಿಷ್ಟ ಚಿಪ್‌ಸೆಟ್ ಇರುವ ಬೋರ್ಡ್‌ಗಳಿಗೆಂದೇ ಮಾಡಿದವು. ಅವುಗಳ ಅರ್ಧ ಕೆಲಸವನ್ನು ಆ ಚಿಪ್‌ಸೆಟ್ಟೇ ಮಾಡುತ್ತದೆ. ಬೇರೆಡೆ ಹಾಕಿದರೆ ಕಂಪ್ಯೂಟರ್‌ಗೆ ಕಾರ್ಡ್ ಇರುವುದೇ ತಿಳಿಯುವುದಿಲ್ಲ. ಒಂದು ಅಂಕಿಯ ವ್ಯತ್ಯಾಸಕ್ಕೆ ಹಣ ನೀರುಪಾಲು.

ವಿಂಡೋಸ್ 7 ಇನ್ನೂ ಬಳಸುತ್ತಿರುವವರು ಎಎಕ್ಸ್200 ಅಥವಾ ಅದರ ನಂತರದ ಕಾರ್ಡ್ ತರಬೇಡಿ. ಇವಕ್ಕೆ ಇಂಟೆಲ್ ಡ್ರೈವರ್ (ಕಾರ್ಡ್ ನಡೆಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್) ಕೊಡುವುದು 64-ಬಿಟ್ ವಿಂಡೋಸ್ 10 ಮತ್ತು 11ಕ್ಕೆ. ಎಎಕ್ಸ್210ರ 6 ಗಿಗಾಹರ್ಟ್ಸ್ ಬ್ಯಾಂಡ್ ಬೇಕೆಂದರೆ ವಿಂಡೋಸ್ 11 ಇರಬೇಕು, ರೂಟರ್ ಕೂಡ 6ಇ ಆಗಿರಬೇಕು.

ದುಬಾರಿ ಕಾರ್ಡ್‌ಗೆ ಕೈಹಾಕುವ ಮುನ್ನ ರೂಟರ್‌ನ ಬೆನ್ನು ನೋಡಿ ಬನ್ನಿ. ಅಗ್ಗದ ಎಷ್ಟೋ ರೂಟರ್‌ಗಳ ಡಬ್ಬಿಯ ಮೇಲೆ ‘ಎಸಿ1200’ ಎಂದು ದೊಡ್ಡದಾಗಿ ಬರೆದಿದ್ದರೂ ಕೇಬಲ್ ಸಿಕ್ಕಿಸುವ ಪೋರ್ಟ್‌ಗಳು 100 ಎಂಬಿಪಿಎಸ್‌ನವು. 200 ಎಂಬಿಪಿಎಸ್ ಪ್ಲ್ಯಾನ್‌ಗೆ ಹಣ ಕಟ್ಟುತ್ತಿದ್ದರೂ ಅಂಥ ರೂಟರ್‌ನಿಂದ ಆಚೆ ಬರುವುದು 95ರ ಆಸುಪಾಸು. ಎಂಥ ಕಾರ್ಡ್ ಹಾಕಿದರೂ ಆ ಅಂಕಿ ಏರದು.

ಡ್ರೈವರ್ ಕೈಯಲ್ಲಿರಲಿ

ಇಂಟರ್ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ತರಲು ಇಂಟರ್ನೆಟ್ ಬೇಕು. ಈ ಸುಳಿಗೆ ಸಿಕ್ಕವರೇ ಹೆಚ್ಚು. ಕಾರ್ಡ್ ಜತೆ ಸಿಡಿ ಬಂದರೂ ಈಗಿನ ಕಂಪ್ಯೂಟರ್‌ಗಳಲ್ಲಿ ಸಿಡಿ ಡ್ರೈವ್ ಇರುವುದು ಅಪರೂಪ. ಚಿಪ್ ತಯಾರಕರ ವೆಬ್‌ಸೈಟ್‌ನಿಂದ ವೈಫೈ ಡ್ರೈವರ್, ಬ್ಲೂಟೂತ್ ಡ್ರೈವರ್ ಎರಡನ್ನೂ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಇಂಟೆಲ್‌ನಲ್ಲಿ ಇವೆರಡೂ ಬೇರೆ ಬೇರೆ ಫೈಲ್. ಒಂದನ್ನೇ ಹಾಕಿ ಬ್ಲೂಟೂತ್ ಬರಲಿಲ್ಲ ಎಂದು ಕಾರ್ಡ್ ವಾಪಸ್ ಕೊಡಲು ಹೋಗುವವರೂ ಇದ್ದಾರೆ.

ಪೆನ್‌ಡ್ರೈವ್ ಇಲ್ಲವೇ? ಆಂಡ್ರಾಯ್ಡ್ ಫೋನ್ ಅನ್ನು ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ವಿಂಡೋಸ್ ಅದನ್ನು ಲ್ಯಾನ್ ಸಂಪರ್ಕದಂತೆಯೇ ಹಿಡಿಯುತ್ತದೆ. ಕೇಬಲ್ ಮಾತ್ರ ಡೇಟಾ ಹಾಯುವಂಥದ್ದಿರಬೇಕು, ಬರೀ ಚಾರ್ಜ್ ಆಗುವ ಕೇಬಲ್‌ನಲ್ಲಿ ಆ ಆಯ್ಕೆ ಮಸುಕಾಗಿಯೇ ಉಳಿಯುತ್ತದೆ. ಹೊಸದಾಗಿ ವಿಂಡೋಸ್ 11 ಹಾಕುವಾಗ ಇಂಟರ್ನೆಟ್ ಕೇಳುವ ಪುಟದಲ್ಲಿ ನಿಂತುಬಿಟ್ಟವರಿಗೂ ಇದೇ ಉಪಾಯ.

ಕೂರಿಸುವುದು

ವಿದ್ಯುತ್ ವೈರ್ ಕಿತ್ತ ಮೇಲೆ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ವಿದ್ಯುತ್ ಹರಿದುಹೋಗುತ್ತದೆ. ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಆಮೇಲೆ ಕಾರ್ಡ್ ಮುಟ್ಟಿ. ಒಣಹವೆಯಲ್ಲಿ ನಮ್ಮ ಮೈಯಲ್ಲಿ ಸ್ಥಿರ ವಿದ್ಯುತ್ ಬೇಗ ಕೂಡುತ್ತದೆ, ಬೇಸಿಗೆಯಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಕಾರ್ಡ್ ಅನ್ನು ಅಂಚಿನಲ್ಲೇ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳಿಗೆ ಬೆರಳು ತಾಗದಿರಲಿ.

ಸ್ಲಾಟ್‌ನ ಎದುರಿಗಿರುವ ಹಿಂಬದಿಯ ತಗಡಿನ ಪಟ್ಟಿಯನ್ನು ಸ್ಕ್ರೂ ಬಿಚ್ಚಿ ತೆಗೆಯಿರಿ. ಸ್ಲಾಟ್‌ನಲ್ಲಿ ದೂಳಿದ್ದರೆ ಬ್ಲೋವರ್‌ನಿಂದ ಊದಿಸಿ, ಬಾಯಿಂದ ಊದಬೇಡಿ. ಕಾರ್ಡ್ ಅನ್ನು ನೇರವಾಗಿ ಇಟ್ಟು ಎರಡೂ ತುದಿಗೆ ಸಮನಾಗಿ ಒತ್ತಿ. ಚಿನ್ನದ ಹಲ್ಲುಗಳು ಪೂರ್ತಿ ಒಳಗೆ ಹೋಗಿ ಕಾಣದಂತಾದರೆ ಕೂತಂತೆ. ಲೋಹದ ಪಟ್ಟಿಗೆ ಸ್ಕ್ರೂ ಬಿಗಿಯುವಾಗ ಕಾರ್ಡ್ ಒಂದು ಕಡೆ ಮೇಲೆದ್ದುಬಿಡುವುದು ಸಾಮಾನ್ಯ. ಬಿಗಿದ ಮೇಲೆ ಇನ್ನೊಮ್ಮೆ ಬಗ್ಗಿ ನೋಡಿ. ಗ್ರಾಫಿಕ್ಸ್ ಕಾರ್ಡ್‌ನ ಫ್ಯಾನ್‌ಗೆ ಅಂಟಿಕೊಳ್ಳದ ಸ್ಲಾಟ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಬ್ಲೂಟೂತ್ ವೈರ್

ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಸಾಗಿಸುವುದು ವೈಫೈ ಮಾತ್ರ. ಬ್ಲೂಟೂತ್ ಓಡುವುದು ಯುಎಸ್‌ಬಿ ಮೇಲೆ. ಡಬ್ಬಿಯಲ್ಲಿರುವ ತೆಳ್ಳನೆಯ ವೈರ್ ಅದಕ್ಕೇ. ಒಂದು ತುದಿ ಕಾರ್ಡ್‌ಗೆ, ಇನ್ನೊಂದು ಮದರ್‌ಬೋರ್ಡ್‌ನ ಕೆಳಅಂಚಿನಲ್ಲಿರುವ ಯುಎಸ್‌ಬಿ 2.0 ಹೆಡರ್‌ಗೆ. ಈ ಹೆಡರ್‌ನಲ್ಲಿ ಎರಡು ಸಾಲು: ಒಂದರಲ್ಲಿ 5 ಪಿನ್, ಇನ್ನೊಂದರಲ್ಲಿ 4. ಸಾಲಿನ ತುದಿಯ ಒಂದು ಪಿನ್ ಬೇಕೆಂದೇ ಬಿಟ್ಟಿರುತ್ತಾರೆ, ಪ್ಲಗ್‌ನಲ್ಲೂ ಆ ತೂತು ಮುಚ್ಚಿರುತ್ತದೆ. ಎರಡನ್ನೂ ಹೊಂದಿಸಿದರೆ ತಾನಾಗಿ ಇಳಿಯುತ್ತದೆ. ಪಕ್ಕದಲ್ಲೇ ಇರುವ ಆಡಿಯೊ ಹೆಡರ್ ಕೂಡ 9 ಪಿನ್‌ನದೇ, ನೋಡಲು ಅವಳಿ ಜವಳಿ. ಆದರೆ ಅದರಲ್ಲಿ ಬಿಟ್ಟಿರುವ ಪಿನ್ ತುದಿಯದಲ್ಲ, ತುದಿಯಿಂದ ಎರಡನೆಯದು. ಬಲವಂತವಾಗಿ ತಿರುಗಾಮುರುಗಾ ಸಿಕ್ಕಿಸಿದರೆ 5 ವೋಲ್ಟ್ ಹೋಗಬಾರದ ಕಡೆ ಹೋಗಿ ಕಾರ್ಡ್ ಸುಡಬಹುದು. ಬೋರ್ಡ್ ಮೇಲೆ ಬರೆದಿರುವ ಹೆಸರನ್ನು ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಓದಿಕೊಂಡೇ ಸಿಕ್ಕಿಸಿ. ಕ್ಯಾಬಿನೆಟ್‌ನ ಮುಂದಿನ ಯುಎಸ್‌ಬಿ ಪೋರ್ಟ್‌ಗಳೇ ಹೆಡರ್‌ಗಳನ್ನೆಲ್ಲ ತುಂಬಿದ್ದರೆ, ಒಂದನ್ನು ಎರಡಾಗಿಸುವ ಹೆಡರ್ ಸ್ಪ್ಲಿಟರ್ ಸಿಗುತ್ತದೆ.

ಆಂಟೆನಾ

ಆಂಟೆನಾವನ್ನು ಕಾರ್ಡ್‌ಗೆ ತಿರುಗಿಸಿ ಕೂರಿಸುವಾಗ ಬುಡದ ಲೋಹದ ಬಳೆಯನ್ನು ಹಿಡಿದು ತಿರುಗಿಸಿ, ಕಪ್ಪು ಕಡ್ಡಿಯನ್ನಲ್ಲ. ಬೆರಳಿನ ಬಿಗಿ ಸಾಕು, ಇಕ್ಕಳ ಬೇಡ.

ಬಿಡಿ ಮಾಡ್ಯೂಲ್ ಕೊಂಡವರಿಗೆ ಒಳಗಿನ ಕನೆಕ್ಟರ್ ಕೂಡ ಹಾಕುವ ಕೆಲಸವಿದೆ. ಸಾಸಿವೆ ಕಾಳಿನ ಗಾತ್ರದ ಆ ಗುಂಡಿಯ ಮೇಲೆ ವೈರ್‌ನ ತುದಿಯನ್ನು ಸರಿಯಾಗಿ ನಡುಮಧ್ಯಕ್ಕೆ ಇಟ್ಟು, ಓರೆಯಾಗದಂತೆ ಹೆಬ್ಬೆರಳಿನ ಉಗುರಿನಿಂದ ನೇರ ಕೆಳಕ್ಕೆ ಒತ್ತಬೇಕು. ‘ಟಕ್’ ಎಂದು ಕೂತದ್ದು ಬೆರಳಿಗೆ ತಿಳಿಯುತ್ತದೆ. ಕೂರದೆ ಒತ್ತಡ ಹಾಕಿದರೆ ಅಂಚು ಮಡಚಿಕೊಂಡು ಮತ್ತೆ ಹಿಡಿಯುವುದಿಲ್ಲ. ಪದೇ ಪದೇ ಕಿತ್ತು ಹಾಕಲು ಮಾಡಿದ ಕನೆಕ್ಟರ್ ಇದಲ್ಲ. ಎಎಕ್ಸ್200, 210ರ ಗುಂಡಿಗಳು ಹಳೆಯ ಮಿನಿ ಕಾರ್ಡ್‌ಗಳಿಗಿಂತ ಚಿಕ್ಕವು, ಹಳೆಯ ಆಂಟೆನಾ ವೈರ್ ಹೊಂದುವುದಿಲ್ಲ.

ಈಗ ಜಾಗದ ಮಾತು. ಕ್ಯಾಬಿನೆಟ್ ಮೇಜಿನ ಕೆಳಗೆ, ಬೆನ್ನು ಗೋಡೆಗೆ: ನಮ್ಮ ಮನೆಗಳಲ್ಲಿ ಇದೇ ಪದ್ಧತಿ. ಆಗ ಆಂಟೆನಾ ಮತ್ತು ರೂಟರ್ ನಡುವೆ ಇಡೀ ತಗಡಿನ ಪೆಟ್ಟಿಗೆಯೇ ಅಡ್ಡ ನಿಲ್ಲುತ್ತದೆ. ಸಿಗ್ನಲ್ ಕಡಿಮೆ ಎಂಬ ದೂರುಗಳಲ್ಲಿ ಬಹುಪಾಲು ಇಲ್ಲಿಯವು. ಒಂದು ಮೀಟರ್ ಕೇಬಲ್ ಇರುವ, ಬುಡದಲ್ಲಿ ಅಯಸ್ಕಾಂತವಿರುವ ಆಂಟೆನಾ ಸಿಗುತ್ತದೆ. ಅದನ್ನು ಮೇಜಿನ ಮೇಲೆ ತಂದಿಟ್ಟರೆ ಆಗುವ ವ್ಯತ್ಯಾಸ ಹೊಸ ಕಾರ್ಡ್ ಕೊಂಡರೂ ಆಗುವುದಿಲ್ಲ. ಆಂಟೆನಾ ನೆಟ್ಟಗೆ ನಿಂತಿರಲಿ. ಕೆಲಸ ಮಾಡುತ್ತಿರುವ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಪಕ್ಕದಲ್ಲಿ ಇಡಬೇಡಿ, ಅದು 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತದೆ. ಇದನ್ನು ಇಂಟೆಲ್ 2012ರಲ್ಲೇ ಅಳೆದು ಪ್ರಕಟಿಸಿದೆ.

ವಿಂಡೋಸ್‌ನಲ್ಲಿ

ಕಂಪ್ಯೂಟರ್ ಆನ್ ಮಾಡಿ ಡ್ರೈವರ್ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಮೂಲೆಯಲ್ಲಿ ವೈಫೈ ಗುರುತು ಬರದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ಗುರುತಿನ ‘ನೆಟ್‌ವರ್ಕ್ ಕಂಟ್ರೋಲರ್’ ಕಂಡರೆ ಕಾರ್ಡ್ ಸರಿಯಾಗಿ ಕೂತಿದೆ, ಡ್ರೈವರ್ ಮಾತ್ರ ಹೊಂದಿಲ್ಲ. ಅದರ ಪ್ರಾಪರ್ಟೀಸ್‌ನ ‘ಡೀಟೇಲ್ಸ್’ನಲ್ಲಿ ‘ಹಾರ್ಡ್‌ವೇರ್ ಐಡೀಸ್’ ಆರಿಸಿದರೆ ಚಿಪ್ ಯಾರದೆಂದು ಗೊತ್ತಾಗುತ್ತದೆ: ತಯಾರಕರ ಅಂಕಿ 8086 ಇದ್ದರೆ ಇಂಟೆಲ್. ಅದರ ಜತೆಯ ಅಂಕಿ 2723 ಆದರೆ ಎಎಕ್ಸ್200, 2725 ಆದರೆ ಎಎಕ್ಸ್210. ಡಬ್ಬಿಯ ಮೇಲಿನ ಹೆಸರಿಗಿಂತ ಈ ಅಂಕಿಯನ್ನು ನಂಬಿ. ಏನೂ ಕಾಣದಿದ್ದರೆ ಕಾರ್ಡ್ ತೆಗೆದು ಮತ್ತೆ ಕೂರಿಸಿ, ಆಗಲೂ ಕಾಣದಿದ್ದರೆ ಬೇರೆ ಸ್ಲಾಟ್ ನೋಡಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದು ಸ್ಲಾಟ್ ತಾನಾಗಿ ಮಲಗಿಬಿಡುತ್ತದೆ, ಬೋರ್ಡ್‌ನ ಕೈಪಿಡಿಯಲ್ಲಿ ಇದನ್ನು ಬರೆದಿರುತ್ತಾರೆ.

ಸಂಪರ್ಕ ಸಿಕ್ಕ ಮೇಲೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ವೈಫೈ, ‘ಹಾರ್ಡ್‌ವೇರ್ ಪ್ರಾಪರ್ಟೀಸ್’ ತೆರೆದು ಲಿಂಕ್ ಸ್ಪೀಡ್ ನೋಡಿ. 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಬಳಸುವ ವೈಫೈ 6 ರೂಟರ್‌ನ ಹತ್ತಿರ 1201, ವೈಫೈ 5ರಲ್ಲಿ 866 ಎಂಬಿಪಿಎಸ್ ಬರಬೇಕು. ಕೈಗೆ ಸಿಗುವ ನಿಜವಾದ ವೇಗ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅದು ಸಹಜ. 866ರ ಬದಲು 433ರಲ್ಲೇ ನಿಂತಿದ್ದರೆ ಎರಡರಲ್ಲಿ ಒಂದು ಆಂಟೆನಾ ಸರಿಯಾಗಿ ಹಿಡಿದಿಲ್ಲವೇ ಎಂದು ನೋಡಿ. 54 ದಾಟದಿದ್ದರೆ ತಪ್ಪು ರೂಟರ್‌ನ ಭದ್ರತಾ ಸೆಟ್ಟಿಂಗ್‌ನಲ್ಲಿರಬಹುದು: ಹಳೆಯ ‘ಟಿಕೆಐಪಿ’ ಇದ್ದರೆ ಹೊಸ ವೇಗಗಳು ತೆರೆದುಕೊಳ್ಳುವುದೇ ಇಲ್ಲ. ಡಬ್ಲ್ಯುಪಿಎ2-ಎಇಎಸ್ ಅಥವಾ ಡಬ್ಲ್ಯುಪಿಎ3ಕ್ಕೆ ಬದಲಿಸಿ.

ಫೋನ್‌ಗೆ ಕಾಣುವ ನೆಟ್‌ವರ್ಕ್ ಕಂಪ್ಯೂಟರ್‌ಗೆ ಕಾಣದೆ ಹೋಗುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಭಾರತದಲ್ಲಿ 2.4 ಗಿಗಾಹರ್ಟ್ಸ್‌ನ 12, 13ನೇ ಚಾನೆಲ್‌ಗಳಿಗೂ ಅನುಮತಿ ಇದೆ, ಅಮೆರಿಕದ ಲೆಕ್ಕಕ್ಕೆ ಹೊಂದಿಸಿದ ಕಾರ್ಡ್‌ಗಳು ಅವನ್ನು ನೋಡುವುದಿಲ್ಲ. ರೂಟರ್‌ನಲ್ಲಿ 1, 6, 11 ಇವುಗಳಲ್ಲೊಂದನ್ನು ಕೊಡಿ. ಇನ್ನೊಂದು, ಹಳೆಯ ಡ್ರೈವರ್‌ನ ಹಳೆಯ ಕಾರ್ಡ್‌ಗಳು ವೈಫೈ 6 ರೂಟರ್ ಬಿತ್ತರಿಸುವ ಹೊಸ ಮಾಹಿತಿ ಅರ್ಥವಾಗದೆ ಆ ಹೆಸರನ್ನೇ ಕೈಬಿಡುತ್ತವೆ. ಡ್ರೈವರ್ ಹೊಸತು ಮಾಡಿದರೆ ಸರಿಹೋಗುತ್ತದೆ.

ಐದು-ಹತ್ತು ನಿಮಿಷಕ್ಕೊಮ್ಮೆ ಸಂಪರ್ಕ ಕಡಿಯುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್‌ನ ‘ಪವರ್ ಮ್ಯಾನೇಜ್‌ಮೆಂಟ್’ಗೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ‘ಅಡ್ವಾನ್ಸ್ಡ್’ನಲ್ಲಿ ‘ಪ್ರಿಫರ್ಡ್ ಬ್ಯಾಂಡ್’ 5 ಗಿಗಾಹರ್ಟ್ಸ್‌ಗೆ ಇರಲಿ. ಆದರೆ ಮಲೆನಾಡು, ಕರಾವಳಿಯ ಹಳೆಯ ಮನೆಗಳ ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್ ಸುಲಭಕ್ಕೆ ದಾಟದು. ಅಲ್ಲಿ ವೇಗ ಕಡಿಮೆಯಾದರೂ 2.4 ಗಟ್ಟಿ. ಬ್ಲೂಟೂತ್ ಇದ್ದಕ್ಕಿದ್ದಂತೆ ಮಾಯವಾದರೆ ಶಟ್‌ಡೌನ್ ಮಾಡಿ, ವೈರ್ ಕಿತ್ತು ಅರ್ಧ ನಿಮಿಷ ಬಿಡಿ. ಕಂಪ್ಯೂಟರ್ ಆಫ್ ಆಗಿದ್ದರೂ ಯುಎಸ್‌ಬಿ ಹೆಡರ್‌ಗೆ ವಿದ್ಯುತ್ ಹೋಗುತ್ತಲೇ ಇರುವುದರಿಂದ ಬರೀ ರೀಸ್ಟಾರ್ಟ್‌ಗೆ ಅದು ಎಚ್ಚರಗೊಳ್ಳುವುದಿಲ್ಲ.

ಲಿನಕ್ಸ್ ಬಳಸುವವರಿಗೆ ಕೆಲಸ ಕಡಿಮೆ. ಎಎಕ್ಸ್200ಕ್ಕೆ ಕರ್ನೆಲ್ 5.1, ಎಎಕ್ಸ್210ಕ್ಕೆ 5.10 ಅಥವಾ ಅದರ ನಂತರದ್ದು ಇದ್ದರೆ ಡ್ರೈವರ್ ಒಳಗೇ ಇರುತ್ತದೆ, ಫರ್ಮ್‌ವೇರ್ ಪ್ಯಾಕೇಜ್ ಇದೆಯೇ ಎಂದಷ್ಟೇ ನೋಡಿಕೊಳ್ಳಿ.

ಹಳೆಯ ಕಂಪ್ಯೂಟರ್‌ಗೆ ಕಾರ್ಡ್ ಹಾಕುವವರು, ಹೇಗೂ ಕ್ಯಾಬಿನೆಟ್ ತೆರೆದಿದ್ದೀರಿ, ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನೂ ಬದಲಿಸಿ. ಅದು ಸತ್ತಿದ್ದರೆ ವಿದ್ಯುತ್ ಹೋದಾಗಲೆಲ್ಲ ಕಂಪ್ಯೂಟರ್‌ನ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ವೈಫೈ ‘ಕನೆಕ್ಟೆಡ್’ ಎಂದೇ ತೋರಿಸುತ್ತದೆ, ಆದರೆ ಬ್ಯಾಂಕ್, ಮೇಲ್ ಯಾವ ಪುಟ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಆಗ ಕಾರ್ಡ್ ಬಿಚ್ಚಬೇಡಿ. ಪರದೆಯ ಮೂಲೆಯ ದಿನಾಂಕ ನೋಡಿ.