ನೆಟ್ ಹೋದರೂ ಹತ್ತುವ ದೀಪ: ಕಡಿಮೆ ಖರ್ಚಿನ ಸ್ಮಾರ್ಟ್ ಸ್ವಿಚ್ ಆರಿಸಿದ ಅನುಭವ

ಸ್ಮಾರ್ಟ್ ಸ್ವಿಚ್ ಕೊಳ್ಳೋಕೆ ಹೊರಟವರು ಮೊದಲು ಬೆಲೆ ನೋಡುತ್ತಾರೆ. ಆಮೇಲೆ ಅಲೆಕ್ಸಾ ಮಾತು ಕೇಳುತ್ತಾ ಅಂತ ನೋಡುತ್ತಾರೆ. ನಾನು ಎರಡನ್ನೂ ಪಕ್ಕಕ್ಕಿಟ್ಟು ಬೇರೆಯೇ ಒಂದು ಪ್ರಶ್ನೆ ಹಿಡಿದುಕೊಂಡೆ. ಇಂಟರ್ನೆಟ್ ಇಲ್ಲ, ಮನೆಯ ಕಂಪ್ಯೂಟರ್ ಕೂಡ ಆಫ್ ಆಗಿದೆ. ಆಗ ಅಮ್ಮ ಗೋಡೆಯ ಸ್ವಿಚ್ ಒತ್ತಿದರೆ ಹಾಲ್ ಲೈಟು ಹತ್ತುತ್ತಾ? ಹತ್ತಲ್ಲ ಅನ್ನೋ ಯಾವ ಸಾಮಾನೂ ನಮ್ಮ ಮೈಸೂರಿನ ಮನೆಗೆ ಬೇಡ ಅಂತ ತೀರ್ಮಾನಿಸಿದೆ. ಈ ಒಂದು ಜರಡಿಯಲ್ಲೇ ಅಂಗಡಿಯ ಅರ್ಧ ಸರಕು ಉದುರಿಹೋಯಿತು.

ಅಗ್ಗದ ವೈಫೈ ಸ್ವಿಚ್‌ಗಳಲ್ಲಿ ಬಹಳಷ್ಟು ಹೇಗೆ ಕೆಲಸ ಮಾಡುತ್ತವೆ ಅಂದರೆ, ನೀವು ಫೋನಿನಲ್ಲಿ ಬಟನ್ ಒತ್ತಿದಾಗ ಆ ಆದೇಶ ಎಲ್ಲೋ ದೂರದ ಸರ್ವರಿಗೆ ಹೋಗಿ, ಅಲ್ಲಿಂದ ತಿರುಗಿ ನಿಮ್ಮದೇ ರೂಮಿಗೆ ಬರುತ್ತದೆ. ನೆಟ್ ಹೋದರೆ ಕಥೆ ಮುಗೀತು. ಕಂಪನಿ ಮುಚ್ಚಿದರೆ ಇನ್ನೂ ಕಷ್ಟ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್ಸ್‌ಟಿಯಾನ್ ಅನ್ನೋ ಕಂಪನಿ ಮುನ್ಸೂಚನೆ ಕೊಡದೆ ಸರ್ವರ್ ನಿಲ್ಲಿಸಿತು. ಒಂದೆರಡು ತಿಂಗಳ ಮೇಲೆ ಅದನ್ನು ಬಳಸುತ್ತಿದ್ದವರಲ್ಲೇ ಕೆಲವರು ಕಂಪನಿ ಕೊಂಡುಕೊಂಡು ಮತ್ತೆ ಶುರು ಮಾಡಿದರು, ಅದು ಅವರ ಪುಣ್ಯ. ಎಲ್ಲರಿಗೂ ಅಂಥ ಪುಣ್ಯ ಸಿಗಲ್ಲ. ಹಾಗಾಗಿ ನಾನು ಹೋಮ್ ಅಸಿಸ್ಟೆಂಟ್ ಆರಿಸಿಕೊಂಡೆ. 2013ರಲ್ಲಿ ಶುರುವಾದ ಉಚಿತ ತಂತ್ರಾಂಶ ಅದು, ಮನೆಯ ಕಂಪ್ಯೂಟರಿನಲ್ಲೇ ಓಡುತ್ತದೆ. ಸ್ವಿಚ್ ಮತ್ತು ಈ ಕಂಪ್ಯೂಟರ್ ನೇರವಾಗಿ ಮಾತಾಡಿಕೊಳ್ಳಬೇಕು, ಹೊರಗಿನವರು ನಡುವೆ ಬರಬಾರದು. ಲೋಕಲ್ ಕಂಟ್ರೋಲ್ ಅಂದರೆ ಇಷ್ಟೇ.

ಸ್ಮಾರ್ಟ್ ಬಲ್ಬು ಮೊದಲೇ ಬಿಟ್ಟೆ. ಯಾರಾದರೂ ಗೋಡೆಯಲ್ಲಿ ಸ್ವಿಚ್ ಆಫ್ ಮಾಡಿದರೆ ಆ ಬಲ್ಬು ಸತ್ತ ಹಾಗೆಯೇ. ಗಾಜಿನ ಟಚ್ ಪ್ಯಾನಲ್‌ಗಳು ನೋಡೋಕೆ ಚಂದ, ಆದರೆ ಒಂದು ಬೋರ್ಡಿಗೇ ಸಾವಿರಗಟ್ಟಲೆ ಬೇಕು. ನಾಳೆ ಕೆಟ್ಟರೆ ಅದೇ ಅಳತೆಯದ್ದೇ ಸಿಗಬೇಕು, ಇಲ್ಲದಿದ್ದರೆ ಗೋಡೆಯಲ್ಲಿ ತೂತು. ಕತ್ತಲಲ್ಲಿ ತಡಕಿ ಒತ್ತೋಕೂ ಆಗಲ್ಲ. ಉಳಿದದ್ದು ರಿಲೇ ಮಾಡ್ಯೂಲ್, ರಿಲೇ ಅಂದರೆ ಕರೆಂಟಿನ ಸನ್ನೆಗೆ ತಾನೇ ಆನ್ ಆಫ್ ಆಗುವ ಸ್ವಿಚ್. ಬೆಂಕಿಪೊಟ್ಟಣದಷ್ಟು ಗಾತ್ರದ ಡಬ್ಬಿ, ಈಗಿರುವ ಸ್ವಿಚ್‌ಗಳ ಹಿಂದೆ ಬಾಕ್ಸಿನೊಳಗೆ ಕೂರುತ್ತದೆ. ಹೊರಗಿನಿಂದ ಅದೇ ಹಳೇ ಬೋರ್ಡು. ಸ್ವಿಚ್ ಒತ್ತಿದರೆ ಮಾಡ್ಯೂಲ್ ತಾನೇ ರಿಲೇ ಹಾಕುತ್ತದೆ, ಅದಕ್ಕೆ ವೈಫೈ ಕೂಡ ಬೇಡ.

ಕೊಳ್ಳುವ ಮೊದಲು ಬೋರ್ಡ್ ಬಿಚ್ಚಿ ನೋಡಿದ್ದು ಅತಿ ಉಪಯೋಗದ ಕೆಲಸ. ನೋಡಬೇಕಾದ್ದು ನ್ಯೂಟ್ರಲ್, ಅಂದರೆ ಕರೆಂಟು ವಾಪಸು ಹೋಗುವ ವೈರ್, ಇದೆಯಾ ಅಂತ. ಮಾಡ್ಯೂಲ್ ಸದಾ ಜೀವಂತ ಇರಬೇಕಲ್ವಾ, ಅದಕ್ಕೆ ಕರೆಂಟು ತರುವ ಫೇಸ್ ಜೊತೆ ನ್ಯೂಟ್ರಲ್ ಬೇಕು. ಈ ವಿಷಯದಲ್ಲಿ ನಮ್ಮ ಕಡೆಯ ವೈರಿಂಗ್ ಅನುಕೂಲವಾಗಿದೆ. ಲೈಟು, ಫ್ಯಾನಿನ ಸ್ವಿಚ್ ಇರೋ ಬೋರ್ಡಿನಲ್ಲೇ ಒಂದು ಫೈವ್ ಪಿನ್ ಸಾಕೆಟ್ ಇಡೋದು ನಮ್ಮಲ್ಲಿ ರೂಢಿ. ಸಾಕೆಟ್ ಇದ್ದ ಕಡೆ ನ್ಯೂಟ್ರಲ್ ಇರಲೇಬೇಕು. ತೊಂದರೆ ಬರೋದು ಸಾಕೆಟ್ ಇಲ್ಲದ ಚಿಕ್ಕ ಬೋರ್ಡುಗಳಲ್ಲಿ: ಮಂಚದ ಪಕ್ಕದ್ದು, ಮೆಟ್ಟಿಲ ಹತ್ತಿರದ್ದು, ಬಾತ್‌ರೂಮ್ ಹೊರಗಿನದ್ದು. ಅಲ್ಲಿಗೆ ಫೇಸ್ ಒಂದು ಬರುತ್ತದೆ, ಲೈಟಿಗೆ ಹೋಗುವ ವೈರ್ ಒಂದು ಹೊರಡುತ್ತದೆ, ಅಷ್ಟೇ.

ವೈರಿನ ಬಣ್ಣ ನಂಬಬೇಡಿ. ಕಪ್ಪು ಅಂದರೆ ನ್ಯೂಟ್ರಲ್ ಅನ್ನೋದು ಪುಸ್ತಕದ ಮಾತು. ಹಳೇ ಮನೆಯಲ್ಲಿ ಅವತ್ತು ಕೈಗೆ ಸಿಕ್ಕಿದ ವೈರ್ ಎಳೆದಿರುತ್ತಾರೆ. ನಮ್ಮ ಎಲೆಕ್ಟ್ರಿಷಿಯನ್ ಟೆಸ್ಟರ್ ಜೊತೆಗೆ ಹೋಲ್ಡರಿಗೆ ಎರಡು ವೈರ್ ಹಾಕಿದ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ನೋಡಿದರು. ಇನ್ನೊಂದು ಎಚ್ಚರ: ನ್ಯೂಟ್ರಲ್ ಬೇಕು ಅಂತ ಬೇರೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕತ್ತರಿಸುವ ಸುರಕ್ಷತಾ ಸ್ವಿಚ್) ಕೆಳಗಿನ ಪಕ್ಕದ ಸರ್ಕ್ಯೂಟಿನಿಂದ ಎಳೆದುಕೊಂಡರೆ ಅದು ಟ್ರಿಪ್ ಆಗುತ್ತದೆ. ಹೋದ ಕರೆಂಟು, ಬಂದ ಕರೆಂಟು ಸಮ ಇಲ್ಲ ಅಂತ ಅದಕ್ಕೆ ಗೊತ್ತಾಗುತ್ತದೆ. ಹಾಗೆ ಆಗಲೇಬೇಕು, ಅದರ ಕೆಲಸವೇ ಅದು. ಫೇಸ್ ಯಾವ ಸರ್ಕ್ಯೂಟಿನದ್ದೋ ನ್ಯೂಟ್ರಲ್ ಕೂಡ ಅದರದ್ದೇ ಇರಲಿ.

ನ್ಯೂಟ್ರಲ್ ಇಲ್ಲದೆ ನಡೆಯುವ ಮಾಡ್ಯೂಲ್‌ಗಳೂ ಇವೆ, ಉದಾಹರಣೆಗೆ ಸೋನಾಫ್‌ನ ಝಡ್‌ಬಿಮಿನಿ ಎಲ್2. ಅವು ಬಲ್ಬಿನ ಮೂಲಕವೇ ಒಂಚೂರು ಕರೆಂಟು ಎಳೆದು ಬದುಕುತ್ತವೆ. ಕಡಿಮೆ ವ್ಯಾಟ್‌ನ ಎಲ್‌ಇಡಿ ಇದ್ದರೆ ಆಫ್ ಆದ ಮೇಲೂ ಮಿಣಮಿಣ ಉರಿಯುವ ಸಾಧ್ಯತೆ ಇದೆ. ನ್ಯೂಟ್ರಲ್ ಎಳೆಯೋಕೆ ದಾರಿಯೇ ಇಲ್ಲದ ಕಡೆ ಮಾತ್ರ ಇದು. ಕೊಳವೆಯಲ್ಲಿ ಜಾಗ ಇದ್ದರೆ ಒಂದು ವೈರ್ ಎಳೆಸೋದೇ ಕಡಿಮೆ ಖರ್ಚು.

ಬೋರ್ಡ್ ಬಿಚ್ಚಿದಾಗಲೇ ಬಾಕ್ಸ್ ಎಷ್ಟು ಆಳ ಇದೆ, ಯಾವುದರದ್ದು ಅಂತಲೂ ನೋಡಿ. ಫ್ಯಾನ್ ರೆಗ್ಯುಲೇಟರಿನ ಹಿಂದೆ ಜಾಗವೇ ಉಳಿಯಲ್ಲ. ತಗಡಿನ ಬಾಕ್ಸ್ ಆದರೆ ವೈಫೈ ಸಿಗ್ನಲ್ ಸೊರಗುತ್ತದೆ, ಪಿವಿಸಿ ಬಾಕ್ಸಿನಲ್ಲಿ ಆ ಗೋಳಿಲ್ಲ.

ಇನ್ನು ಯಾವ ಮಾಡ್ಯೂಲ್? ನನ್ನ ಪಟ್ಟಿಯಲ್ಲಿ ಉಳಿದದ್ದು ಎರಡು ಹೆಸರು. ಬಲ್ಗೇರಿಯಾದ ಶೆಲ್ಲಿ, ಚೀನಾದ ಸೋನಾಫ್. ಹೊರಗಿನ ಸರ್ವರ್ ಬಿಟ್ಟು ಮನೆಯೊಳಗೇ ನಡೆಯೋಕೆ ಶೆಲ್ಲಿಗೆ ತಂತ್ರಾಂಶ ಬದಲಿಸೋ ಅಗತ್ಯವೇ ಇಲ್ಲ. ಬ್ರೌಸರಿನಲ್ಲಿ ಅದರ ಐಪಿ ವಿಳಾಸ ಕೊಟ್ಟರೆ ಅದರದ್ದೇ ಪುಟ ತೆರೆಯುತ್ತದೆ, ಕ್ಲೌಡ್, ಅಂದರೆ ಕಂಪನಿ ಸರ್ವರಿನ ಸಂಪರ್ಕ, ಆಫ್ ಮಾಡಬಹುದು. ಬೆಲೆ ಮಾತ್ರ ಜಾಸ್ತಿ. ಸೋನಾಫ್ ಮಿನಿ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಕ್ಕಿತು. ಕಾಗದದ ಮೇಲೆ ಇಬ್ಬರೂ ಒಂದೇ ಕೆಲಸ ಮಾಡುತ್ತಾರೆ. ಬೋರ್ಡಿನೊಳಗೆ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ಬಿಡಿಸಿ ಹೇಳಬೇಕು.

ನಮ್ಮ ಮಾಡ್ಯುಲರ್ ಬೋರ್ಡುಗಳಲ್ಲಿ ಫೇಸ್ ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಲೂಪ್ ಆಗಿರುತ್ತದೆ. ಶೆಲ್ಲಿ 1 ಮಾಡ್ಯೂಲ್‌ಗೆ ಇದು ಹೊಂದುತ್ತದೆ, ಅದರ ಎಸ್‌ಡಬ್ಲ್ಯೂ ಟರ್ಮಿನಲ್‌ಗೆ ಸ್ವಿಚ್ಚಿನಿಂದ ಫೇಸೇ ಬರಬೇಕು. ಸೋನಾಫ್ ಮಿನಿಯ ಎಸ್1, ಎಸ್2 ಟರ್ಮಿನಲ್‌ಗಳಿಗೆ ಫೇಸ್ ತಾಗಲೇಬಾರದು. ಅಲ್ಲಿ ಸ್ವಿಚ್ಚಿನ ಕೆಲಸ ಆ ಎರಡನ್ನು ಜೋಡಿಸೋದು, ಬಿಡಿಸೋದು ಮಾತ್ರ. ಅಂದರೆ ಆ ಒಂದು ಸ್ವಿಚ್ಚನ್ನು ಲೂಪಿನಿಂದ ಹೊರಗೆ ತಂದು, ಉಳಿದ ಸ್ವಿಚ್‌ಗಳ ಲೂಪ್ ಮತ್ತೆ ಜೋಡಿಸಬೇಕು. ಇದು ಗೊತ್ತಿಲ್ಲದ ಎಲೆಕ್ಟ್ರಿಷಿಯನ್ ಅಭ್ಯಾಸಬಲದಿಂದ ಲೂಪ್ ಹಾಗೇ ಬಿಟ್ಟರೆ ಮಾಡ್ಯೂಲ್ ಸುಟ್ಟುಹೋಗುತ್ತದೆ. ಮತ್ತೆ, ಎಸ್1, ಎಸ್2ರಲ್ಲಿ ಫೇಸ್ ಹಾಕಿಲ್ಲ ಅಂತ ಬರಿಗೈಯಲ್ಲಿ ಮುಟ್ಟಬೇಡಿ. ಒಳಗಿನ ಸರ್ಕ್ಯೂಟ್ ಮೇನ್ಸಿನಿಂದ ಬೇರ್ಪಟ್ಟಿಲ್ಲ, ಶಾಕ್ ಹೊಡೆಯುತ್ತದೆ.

ಸೋನಾಫ್‌ನ ವೈಫೈ ಮಿನಿ ಆರ್2 ಒಳಗಿರೋದು ಎಸ್ಪ್ರೆಸಿಫ್ ಕಂಪನಿಯ ಇಎಸ್‌ಪಿ8285 ಚಿಪ್. ಅದಕ್ಕೆ ಟ್ಯಾಸ್ಮೋಟಾ ಅಥವಾ ಇಎಸ್‌ಪಿಹೋಮ್ ಅನ್ನೋ ಉಚಿತ ತಂತ್ರಾಂಶ ಹಾಕಬಹುದು. ಲ್ಯಾಪ್‌ಟಾಪಿನಿಂದ ಚಿಪ್ಪಿಗೆ ತಂತ್ರಾಂಶ ಕಳಿಸುವ 3.3 ವೋಲ್ಟಿನ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಸಾಕು. ಮಾಡ್ಯೂಲ್ ಮೇಜಿನ ಮೇಲೆ ಇರಬೇಕು, 230 ವೋಲ್ಟ್ ಅದರ ಹತ್ತಿರಕ್ಕೂ ಸುಳಿಯಬಾರದು. ಎರಡೂ ಒಟ್ಟಿಗೆ ಕೊಟ್ಟರೆ ಹೋಗೋದು ಬರೀ ಲ್ಯಾಪ್‌ಟಾಪ್ ಅಲ್ಲ.

ಟ್ಯಾಸ್ಮೋಟಾ ಹಾಕಿದವರು ಎರಡು ಸೆಟ್ಟಿಂಗ್ ಮರೆಯಬಾರದು. ಮೊದಲನೆಯದು ಪವರ್‌ಆನ್‌ಸ್ಟೇಟ್. ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ ಬಂದರೆ ಲೈಟು ಏನಾಗಬೇಕು ಅಂತ ಅದು ತೀರ್ಮಾನಿಸುತ್ತದೆ. ಮಲಗುವ ಕೋಣೆಗಳಿಗೆ 0 ಕೊಟ್ಟೆ, ಅಂದರೆ ಆಫ್. ಹಾಲಿಗೆ 3, ಮೊದಲಿದ್ದ ಸ್ಥಿತಿಗೇ ಬರಲಿ ಅಂತ. ಎರಡನೆಯದು ಸೆಟ್‌ಆಪ್ಷನ್ 65. ಕರೆಂಟು ಪಟಪಟ ಅಂತ ಆರು ಸಲ ಹೋಗಿ ಏಳನೇ ಸಲ ನಿಂತರೆ ಟ್ಯಾಸ್ಮೋಟಾ ತನ್ನೆಲ್ಲ ಸೆಟ್ಟಿಂಗ್ ಅಳಿಸಿಕೊಂಡು ಹೊಸದಾಗಿ ಶುರುವಾಗುತ್ತದೆ. ಸಿಕ್ಕಿಹಾಕಿಕೊಂಡ ಸಾಧನವನ್ನು ಬಿಡಿಸೋಕೆ ಅಂತಲೇ ಇಟ್ಟಿರೋ ಸೌಲಭ್ಯ ಅದು. ಇಟ್ಟವರು ನಮ್ಮ ಮುಂಗಾರು ಮಳೆ ನೋಡಿಲ್ಲ! ಗಾಳಿ ಎದ್ದ ಸಂಜೆ ಕರೆಂಟು ಹಾಗೆ ಕಣ್ಣಾಮುಚ್ಚಾಲೆ ಆಡೋದು ಇಲ್ಲಿ ಮಾಮೂಲಿ. ಆ ಸೆಟ್ಟಿಂಗ್‌ಗೆ 1 ಕೊಟ್ಟರೆ ಅಳಿಸೋದು ನಿಲ್ಲುತ್ತದೆ.

ಎಲ್ಲವನ್ನೂ ವೈಫೈ ಮೇಲೆ ಹಾಕಲಿಲ್ಲ. ಇಂಟರ್ನೆಟ್ ಕೊಡುವವರು ಕೊಟ್ಟ ರೌಟರಿಗೆ ಫೋನು, ಟಿವಿ ಜೊತೆ ಮೂವತ್ತು ಸ್ವಿಚ್ ಕೂಡ ಹೊರಿಸಿದರೆ ಅದು ಸುಸ್ತಾಗುತ್ತದೆ. ಮಹಡಿಗೆ ಜಿಗ್‌ಬೀ ಆರಿಸಿದೆ, ಅದು ವೈಫೈ ಅಲ್ಲದ, ಸ್ಮಾರ್ಟ್ ಸಾಮಾನುಗಳಿಗೆ ಅಂತಲೇ ಇರೋ ಇನ್ನೊಂದು ರೇಡಿಯೋ ಸಂಪರ್ಕ. ಅದಕ್ಕೆ ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಡಾಂಗಲ್ ಒಂದು ಬೇಕು. ಡಾಂಗಲನ್ನು ನೇರವಾಗಿ ಸಿಕ್ಕಿಸದೆ ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಡಿ. ಯುಎಸ್‌ಬಿ 3 ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಸ್ ಸಿಗ್ನಲ್ ಕೆಡಿಸುತ್ತದೆ.

ಜಿಗ್‌ಬೀಯಲ್ಲಿ ನ್ಯೂಟ್ರಲ್ ಇರುವ ಮಾಡ್ಯೂಲ್‌ಗಳು ಒಂದರಿಂದ ಇನ್ನೊಂದಕ್ಕೆ ಸಂದೇಶ ದಾಟಿಸುತ್ತವೆ. ನ್ಯೂಟ್ರಲ್ ಇಲ್ಲದವು ಸಾಮಾನ್ಯವಾಗಿ ದಾಟಿಸಲ್ಲ, ತಮ್ಮ ಪಾಡಿಗೆ ಇರುತ್ತವೆ. ಇನ್ವರ್ಟರ್ ಇರೋ ಮನೆಯಲ್ಲಿ ಇದು ಮುಖ್ಯ ಆಗುತ್ತದೆ. ನಮ್ಮಲ್ಲಿ ಪ್ರತಿ ರೂಮಿನ ಒಂದು ಲೈಟು, ಒಂದು ಫ್ಯಾನು ಮಾತ್ರ ಇನ್ವರ್ಟರ್ ಲೈನಿನಲ್ಲಿವೆ. ಕರೆಂಟು ಹೋದಾಗ ಮೇನ್ಸ್ ಲೈನಿನ ಮಾಡ್ಯೂಲ್‌ಗಳೆಲ್ಲ ಸಾಯುತ್ತವೆ. ಅವುಗಳನ್ನೇ ಮೆಟ್ಟಿಲು ಮಾಡಿಕೊಂಡಿದ್ದ ದೂರದ ರೂಮಿನ ಮಾಡ್ಯೂಲ್‌ಗೆ ಸಂಪರ್ಕ ತಪ್ಪುತ್ತದೆ. ಅದಕ್ಕೇ ಮೊದಲು ಇನ್ವರ್ಟರ್ ಲೈನಿನ ಲೈಟುಗಳಿಗೆ ನ್ಯೂಟ್ರಲ್ ಇರುವ ಮಾಡ್ಯೂಲ್ ಹಾಕಿಸಿದೆ, ಡಾಂಗಲಿನಿಂದ ಕೊನೆಯ ರೂಮಿನವರೆಗೆ ಒಂದು ಸರಪಳಿ ಆಗುವ ಹಾಗೆ. ಉಳಿದವು ಆಮೇಲೆ. ರೌಟರ್ ಕೂಡ ಇನ್ವರ್ಟರ್ ಮೇಲೇ ಇದೆ.

ಹೋಮ್ ಅಸಿಸ್ಟೆಂಟ್ ಓಡಿಸೋಕೆ ಎಲ್ಲರೂ ರಾಸ್ಪ್‌ಬೆರಿ ಪೈ ಅನ್ನೋ ಚಿಕ್ಕ ಕಂಪ್ಯೂಟರ್ ಅಂತಾರೆ. ನಾನು ಮೂಲೆಯಲ್ಲಿದ್ದ ಹಳೇ ಲ್ಯಾಪ್‌ಟಾಪ್ ಬಳಸಿದೆ. ದುಡ್ಡು ಉಳಿಯಿತು ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಗಡಿಯಾರ. ಪೈ 4ರಲ್ಲಿ ಕರೆಂಟು ಹೋದರೂ ಓಡುವ ಗಡಿಯಾರ ಇಲ್ಲ, ಪ್ರತಿ ಸಲ ಇಂಟರ್ನೆಟ್ ಕೇಳಿಯೇ ಸಮಯ ತಿಳಿದುಕೊಳ್ಳುತ್ತದೆ. ಕರೆಂಟೂ ಹೋಗಿ ನೆಟ್ಟೂ ಹೋಗಿದ್ದರೆ ಅದಕ್ಕೆ ಸಂಜೆ ಯಾವುದು, ಬೆಳಗ್ಗೆ ಯಾವುದು ಗೊತ್ತಾಗಲ್ಲ. ಗೇಟಿನ ದೀಪ ಸೂರ್ಯ ಮುಳುಗಿದ ಮೇಲೆ ಹತ್ತಲಿ ಅಂತ ಹೇಳಿದ್ದೆಲ್ಲ ವ್ಯರ್ಥ. ಲ್ಯಾಪ್‌ಟಾಪಿನಲ್ಲಿ ಗಡಿಯಾರವೂ ಇದೆ, ಬ್ಯಾಟರಿಯೂ ಇದೆ. ಸೂರ್ಯಾಸ್ತದ ಸಮಯವನ್ನು ಹೋಮ್ ಅಸಿಸ್ಟೆಂಟ್ ಮನೆಯ ಅಕ್ಷಾಂಶ, ರೇಖಾಂಶ ನೋಡಿ ತಾನೇ ಲೆಕ್ಕ ಹಾಕುತ್ತದೆ, ಯಾರನ್ನೂ ಕೇಳಲ್ಲ.

ಭಾರದ ಸಾಮಾನುಗಳನ್ನು ಈ ಮಾಡ್ಯೂಲ್‌ಗಳಿಗೆ ಕಟ್ಟಲಿಲ್ಲ. ಎರಡು ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಡಬ್ಬಿಯ ಮೇಲೆ 10 ಆಂಪಿಯರ್ ಅಂತ ಬರೆದಿದ್ದರೂ ಗಾಳಿಯಾಡದ ಬಾಕ್ಸಿನಲ್ಲಿ ಅದು ಬಿಸಿಯಾಗುತ್ತಾ ಕೂರೋದು ನನಗೆ ಬೇಡ. ಗೀಸರಿಗೆ, ಸಂಪಿನ ಮೋಟರಿಗೆ ಕಾಂಟ್ಯಾಕ್ಟರ್, ಅಂದರೆ ಭಾರದ ಕರೆಂಟು ತಡೆಯುವ ದೊಡ್ಡ ರಿಲೇ, ಹಾಕಿಸಬೇಕು. ಮಾಡ್ಯೂಲ್ ಆ ಕಾಂಟ್ಯಾಕ್ಟರಿನ ಕಾಯಿಲ್ ಮಾತ್ರ ನಡೆಸಲಿ. ಫ್ಯಾನಿಗೆ ರಿಲೇ ಬರೀ ಆನ್ ಆಫ್ ಮಾಡುತ್ತದೆ, ವೇಗಕ್ಕೆ ಹಳೇ ಸ್ಟೆಪ್ ರೆಗ್ಯುಲೇಟರೇ ಇದೆ. ಲೈಟಿನ ಡಿಮ್ಮರನ್ನು ಫ್ಯಾನಿಗೆ ಹಾಕಿದರೆ ಗುಂಯ್ ಅನ್ನುತ್ತದೆ.

ಒಂದು ಚಿಕ್ಕ ಉಪಾಯ ಮನೆಯವರಿಗೆ ತುಂಬಾ ಹಿಡಿಸಿತು. ಮಾಡ್ಯೂಲ್ ಹಾಕಿದ ಮೇಲೆ ಸ್ವಿಚ್ ಕೆಳಗಿದ್ದರೆ ಆನ್ ಅನ್ನೋ ಲೆಕ್ಕ ತಪ್ಪಿಹೋಗುತ್ತದೆ. ಫೋನಿನಿಂದ ಆಫ್ ಮಾಡಿದ ಲೈಟಿನ ಸ್ವಿಚ್ ಕೆಳಗೇ ಇರುತ್ತದೆ. “ಇದೇನೋ, ಹಾಕಿದೆ, ಹತ್ತಿಲ್ಲ” ಅಂತ ಅಮ್ಮ ಕೂಗುತ್ತಿದ್ದರು. ಅದೇ ಕಂಪನಿಯ, ಅದೇ ಅಳತೆಯ ಬೆಲ್ ಪುಶ್ ಸ್ವಿಚ್ ತಂದು ಆ ಜಾಗಕ್ಕೆ ಹಾಕಿಸಿದೆ. ಮಾಡ್ಯೂಲ್‌ನಲ್ಲಿ ಪುಶ್ ಬಟನ್ ಅಂತ ಸೆಟ್ ಮಾಡಿದರೆ ಆಯಿತು. ಒತ್ತಿ ಬಿಟ್ಟರೆ ಹತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ಮೇಲೆ ಕೆಳಗೆ ಅನ್ನೋ ಗೊಂದಲವೇ ಇಲ್ಲ. ಬೆಲ್ಲಿನ ಚಿತ್ರ ಇರೋದು ಮಾತ್ರ ತಮಾಷೆ, ಬಂದವರು ಕೇಳುತ್ತಾರೆ.

ಖರ್ಚು ಉಳಿಸೋಕೆ ನಿಜವಾದ ದಾರಿ ಅಂದರೆ ಎಲ್ಲ ಸ್ವಿಚ್‌ಗಳನ್ನೂ ಸ್ಮಾರ್ಟ್ ಮಾಡದೇ ಇರೋದು. ಬಾತ್‌ರೂಮಿನ ಲೈಟನ್ನು ಸೋಫಾದಲ್ಲಿ ಕೂತು ಹತ್ತಿಸಿ ಏನು ಮಾಡಬೇಕು? ದೇವರ ಮನೆಯದ್ದೂ ಬೇಡ. ಗೇಟು, ಹಾಲು, ಮೆಟ್ಟಿಲು, ಮಲಗುವ ಕೋಣೆಗಳು, ಊರಿಗೆ ಹೋದಾಗ ಹತ್ತಬೇಕಾದ ಎದುರಿನ ರೂಮು. ನನಗೆ ಅಷ್ಟೇ ಸಾಕಾಯಿತು. ಸ್ಮಾರ್ಟ್ ಮಾಡದ ಸ್ವಿಚ್ಚಿಗೆ ಖರ್ಚು ಸೊನ್ನೆ.

ಈಗ ಹೊಸದಾಗಿ ಕೊಳ್ಳುವವರಿಗೆ ಮ್ಯಾಟರ್ ಅನ್ನೋ ಇನ್ನೊಂದು ದಾರಿ ಇದೆ, ಬೇರೆ ಬೇರೆ ಕಂಪನಿಯ ಸ್ಮಾರ್ಟ್ ಸಾಮಾನುಗಳು ಒಟ್ಟಿಗೆ ಕೆಲಸ ಮಾಡೋಕೆ ಇರೋ ಒಂದೇ ನಿಯಮಾವಳಿ. 2022ರ ಅಕ್ಟೋಬರ್‌ನಲ್ಲಿ ಅದರ ಮೊದಲ ಆವೃತ್ತಿ ಬಂತು. ಮನೆಯೊಳಗೇ ಮಾತಾಡಿಕೊಳ್ಳೋದು ಅದರ ನಿಯಮದಲ್ಲೇ ಇದೆ, ತಂತ್ರಾಂಶ ಬದಲಿಸುವ ತಲೆನೋವಿಲ್ಲ. ಸೋನಾಫ್ ಮಿನಿಯಲ್ಲೂ ಮ್ಯಾಟರ್ ಇರೋ ಮಾದರಿ ಇದೆ. ಬೆಸುಗೆ, ಯುಎಸ್‌ಬಿ ಅಡಾಪ್ಟರ್ ಅಂದರೆ ಭಯಪಡುವ ಗೆಳೆಯರಿಗೆ ನಾನು ಅದನ್ನೇ ಹೇಳುತ್ತೇನೆ.

ಮಾಡ್ಯೂಲ್ ಕೆಟ್ಟರೆ ಗೋಡೆಯ ಸ್ವಿಚ್ಚೂ ಕೆಲಸ ಮಾಡಲ್ಲ, ಇದೊಂದು ಅಪಾಯ ಉಳಿಯುತ್ತದೆ. ಹಾಗಾಗಿ ಸೆಟ್ ಮಾಡಿದ ಒಂದು ಮಾಡ್ಯೂಲ್ ಡ್ರಾಯರಿನಲ್ಲಿ ಜಾಸ್ತಿ ಇಟ್ಟಿದ್ದೇನೆ. ಎಂಸಿಬಿ ಬಾಕ್ಸಿನ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇನೆ. ಯಾವ ಬೋರ್ಡಿನ ಹಿಂದೆ ಮಾಡ್ಯೂಲ್ ಇದೆ, ಅದನ್ನು ತೆಗೆದು ಫೇಸನ್ನೂ ಲೈಟಿನ ವೈರನ್ನೂ ಮತ್ತೆ ಹಳೇ ಸ್ವಿಚ್ಚಿಗೆ ಹೇಗೆ ಕೊಡಬೇಕು ಅಂತ ಕನ್ನಡದಲ್ಲಿ ಚಿತ್ರದ ಜೊತೆ ಬರೆದಿದೆ. ಬೆಲ್ ಪುಶ್ ಹಾಕಿದ ಕಡೆ ಮಾಮೂಲಿ ಸ್ವಿಚ್ ಹಾಕಿ ಅಂತಲೂ ಇದೆ, ತೆಗೆದ ಹಳೇ ಸ್ವಿಚ್‌ಗಳು ಅದೇ ಡ್ರಾಯರಿನಲ್ಲಿವೆ. ನಾನು ಊರಲ್ಲಿಲ್ಲದಾಗ ಬರುವ ಎಲೆಕ್ಟ್ರಿಷಿಯನ್‌ಗೆ ಅಷ್ಟು ಸಾಕು.