ಕಡಿಮೆ ಖರ್ಚಿನಲ್ಲಿ ‘ಕೂಕಿ ಕಾರ್’ ಥರದ ಗಾಡಿ ಕಟ್ಟುವವರಿಗೆ

ಕ್ಯಾಲಿಫೋರ್ನಿಯಾದ ನಾರ್ಮ್ ಗ್ರಾಬೋವ್ಸ್ಕಿ 1950ರ ದಶಕದಲ್ಲಿ ಕಟ್ಟಿದ ಟಿ-ಬಕೆಟ್ (ಹಳೇ ಫೋರ್ಡ್ ಮಾಡೆಲ್ ಟಿ ಬಾಡಿಗೆ ದೊಡ್ಡ ಎಂಜಿನ್ ಕೂರಿಸಿದ ತೆರೆದ ಕಾರು) ಗೊತ್ತಲ್ವಾ? ಟಿವಿಯಿಂದ ‘ಕೂಕಿ ಕಾರ್’ ಅಂತ ಹೆಸರಾದದ್ದು. ಅಂಥದ್ದೇ ಬೇಕು ಅನ್ನುವವರು ಮೊದಲು ಅಸಲಿ ಮಾಡೆಲ್ ಟಿ ಬಾಡಿ ಹುಡುಕುವುದನ್ನು ಬಿಡಿ. ತುಕ್ಕು ತೆಗೆಸುವುದರಲ್ಲೇ ದುಡ್ಡು ಕರಗುತ್ತದೆ. ಫೈಬರ್‌ಗ್ಲಾಸ್ ಬಾಡಿ ತಗೊಳ್ಳಿ. ಒಳಗೆ ಸ್ಟೀಲ್ ಪೈಪಿನ ಆಧಾರ ಕೊಡಿ, ಇಲ್ಲದಿದ್ದರೆ ಅದುರಿ ಅದುರಿ ಬಿರುಕು ಬಿಡುತ್ತದೆ.

ಗ್ರಾಬೋವ್ಸ್ಕಿ ಕಾರಿನಲ್ಲಿದ್ದದ್ದು ಕ್ಯಾಡಿಲಾಕ್ ವಿ8 ಎಂಜಿನ್. ನಮಗೆ ಹಳೇ ಪಿಕಪ್‌ನಿಂದ ಬಿಚ್ಚಿದ ಷೆವ್ರೊಲೆ 350 ಎಂಜಿನ್ ಸಾಕು, ಬಿಡಿಭಾಗ ಎಲ್ಲೆಲ್ಲೂ ಸಿಗುತ್ತದೆ. ಗೇರ್‌ಬಾಕ್ಸೂ ಜೊತೆಗೇ ಬಂದರೆ ಇನ್ನೂ ಲಾಭ. ಅಸಲಿಯೇ ಬೇಕು ಅನ್ನುವವರು ಮೂಗು ಮುರಿಯುತ್ತಾರೆ, ಮುರಿಯಲಿ ಬಿಡಿ.

ಆ ಕಾರಿನ ಗತ್ತು ಇರುವುದು ನಿಲುವಿನಲ್ಲಿ. ಮುಂದೆ ಸಣ್ಣ ಟೈರು, ಹಿಂದೆ ದಪ್ಪದ್ದು, ಗಿಡ್ಡ ಮಾಡಿದ ಪಿಕಪ್ ತೊಟ್ಟಿ, ಹೆಚ್ಚುಕಮ್ಮಿ ನೆಟ್ಟಗೆ ನಿಂತ ಸ್ಟೀರಿಂಗ್. ಇವಿಷ್ಟು ಸರಿ ಬಂದರೆ ಬಣ್ಣ, ಕ್ರೋಮ್ ಆಮೇಲೆ ನೋಡಿಕೊಳ್ಳಬಹುದು.

ಬ್ರೇಕಿನಲ್ಲಿ ಮಾತ್ರ ಉಳಿತಾಯ ಬೇಡ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಎರಡು ಸರ್ಕ್ಯೂಟಿನದ್ದೇ ಹಾಕಿ. ಈ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಫ್ಲೋರ್ ಕೆಳಗೆ, ಚಕ್ರದ ಬಳಿ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗಿಂತ ತಗ್ಗಿನಲ್ಲಿ ಕೂರುತ್ತದೆ. ಆಗ ಎಣ್ಣೆ ವಾಪಸ್ ಹರಿದು ಪೆಡಲ್ ಸಡಿಲವಾಗುತ್ತದೆ. ಅದಕ್ಕೆ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ರೆಸಿಡ್ಯುಯಲ್ ವಾಲ್ವ್ ಬೇಕು: ಡಿಸ್ಕ್ ಬ್ರೇಕಿಗೆ 2 ಪಿಎಸ್‌ಐ (ಒತ್ತಡದ ಅಳತೆ), ಡ್ರಮ್ ಬ್ರೇಕಿಗೆ 10.

ಪ್ರತಿ ಬಿಡಿಭಾಗದ ರಸೀದಿ ಎತ್ತಿಡಿ, ಎಂಜಿನ್‌ನದ್ದಂತೂ ಖಂಡಿತ. ನೋಂದಣಿಗೆ ಹೋದಾಗ ಕೇಳುತ್ತಾರೆ.